ಕಟ್ಟಿದ ಇಂಜಿನ್ನಿನಲ್ಲಿ ಕುಸಿಯುವ ಆಯಿಲ್ ಪ್ರೆಶರ್

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದ ಎರೆ ಹಾಗೂ ಮಸಾರಿ ಹೊಲಗಳಲ್ಲಿ ರೆಂಟೆ ಹೊಡೆಯುವುದರಿಂದ ರಾಶಿ ಮಾಡುವವರೆಗೆ ಟ್ರ್ಯಾಕ್ಟರನ್ನೇ ನಂಬಿದ ರೈತರು, ಹಳೆಯ ಇಂಜಿನ್ ಹೊಗೆ ಉಗುಳತೊಡಗಿದಾಗ ಅದನ್ನು ಬಿಚ್ಚಿಸಿ, ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿ, ಹೊಸ ಲೈನರ್, ಪಿಸ್ಟನ್, ಬೇರಿಂಗ್ ಹಾಕಿಸಿ ಮರಳಿ ಕಟ್ಟಿಸುತ್ತಾರೆ. ಹೀಗೆ ಕಟ್ಟಿದ ಇಂಜಿನ್ ಸಲೀಸಾಗಿ ಸ್ಟಾರ್ಟ್ ಆದರೂ, ದುಡಿದು ಬಿಸಿಯಾದ ಮೇಲೆ ಆಯಿಲ್ ಪ್ರೆಶರಿನ ಮುಳ್ಳು ಕೆಳಗಿಳಿದರೆ ಮೊದಲ ಅನುಮಾನ ಆಯಿಲ್ ಪಂಪಿನ ಮೇಲೆ ಹೋಗುತ್ತದೆ. ಆದರೆ ಪಂಪು ಬದಲಿಸಿದರೂ ಮುಳ್ಳು ಮೇಲೇಳದಿರುವುದೇ ಹೆಚ್ಚು.

ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಪಂಪು ಎಣ್ಣೆಯನ್ನು ಹರಿಸುತ್ತದೆಯೇ ಹೊರತು ಒತ್ತಡವನ್ನು ತಾನೇ ಹುಟ್ಟಿಸುವುದಿಲ್ಲ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವಿನ ಕಿರಿದಾದ ಸಂದುಗಳು ಆ ಹರಿವನ್ನು ತಡೆಯುವುದರಿಂದ ಒತ್ತಡ ಉಂಟಾಗುತ್ತದೆ. ಸಂದಿನಿಂದ ಸೋರುವ ಎಣ್ಣೆಯ ಪ್ರಮಾಣ ಸಂದಿನ ಅಳತೆಯ ಘನಕ್ಕೆ ಅನುಗುಣವಾಗಿ ಏರುವುದರಿಂದ, 0.05 ಮಿಲಿಮೀಟರ್ ಇರಬೇಕಾದ ಸಂದು ಗ್ರೈಂಡಿಂಗಿನ ತಪ್ಪಿನಿಂದ 0.08 ಆದರೆ ಸೋರಿಕೆ ಸುಮಾರು ನಾಲ್ಕು ಪಟ್ಟು, 0.10 ಆದರೆ ಎಂಟು ಪಟ್ಟು ಆಗುತ್ತದೆ. ಕಣ್ಣಿಗೆ ಕಾಣದ ಈ ಅಂತರವೇ ಇಂಜಿನ್ನಿನ ಆಯಸ್ಸನ್ನು ನಿರ್ಧರಿಸುತ್ತದೆ.

ಆದ್ದರಿಂದ ಬಿಚ್ಚುವ ಮೊದಲು ಅಳೆಯಬೇಕು. ಡ್ಯಾಶ್‌ಬೋರ್ಡಿನ ಮೀಟರು ಅಥವಾ ಅದಕ್ಕೆ ಸಂಕೇತ ಕಳಿಸುವ ಸ್ವಿಚ್ಚೇ ಕೆಟ್ಟಿರಬಹುದಾದ್ದರಿಂದ, ಸ್ವಿಚ್ ಕಳಚಿ ಅದೇ ಜಾಗಕ್ಕೆ ಸರಿಯಾದ ಗೇಜ್ ಜೋಡಿಸಿ ತಣ್ಣಗಿರುವಾಗಲೂ ಬಿಸಿಯಾದ ಮೇಲೂ ಒತ್ತಡ ನೋಡಬೇಕು. ತಣ್ಣಗಿರುವಾಗ ಚೆನ್ನಾಗಿದ್ದು ಬಿಸಿಯಾದಾಗ ಕುಸಿದರೆ ಸಂದುಗಳು ಸಡಿಲವಾಗಿವೆ ಅಥವಾ ಡೀಸೆಲ್ ಬೆರೆತು ಎಣ್ಣೆ ತೆಳುವಾಗಿದೆ ಎಂದು ಅನುಮಾನಿಸಬೇಕು; ಎರಡೂ ಹೊತ್ತಿನಲ್ಲಿ ಕಡಿಮೆಯಿದ್ದರೆ ಹೆಚ್ಚುವರಿ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವಿನಲ್ಲಿ ಕಸ ಸಿಕ್ಕಿರಬಹುದು, ಇಲ್ಲವೇ ಎಣ್ಣೆಯ ದಾರಿ ಎಲ್ಲೋ ತೆರೆದುಕೊಂಡಿರಬಹುದು; ಮುಳ್ಳು ಅಲುಗಾಡುತ್ತಿದ್ದರೆ ಚೇಂಬರಿನಲ್ಲಿ ಎಣ್ಣೆ ಕಡಿಮೆಯಿದೆ ಅಥವಾ ಪಂಪು ಎಣ್ಣೆಯೊಂದಿಗೆ ಗಾಳಿಯನ್ನೂ ಎಳೆಯುತ್ತಿದೆ.

ಕಟ್ಟಿದ ಇಂಜಿನ್ನಿನ ವಿಶೇಷವೆಂದರೆ ಇಲ್ಲಿ ಸವೆತಕ್ಕಿಂತ ಕೈತಪ್ಪೇ ಹೆಚ್ಚು. ಬ್ಲಾಕ್ ತೊಳೆಯುವಾಗ ತೆಗೆದ ಗ್ಯಾಲರಿ ಪ್ಲಗ್, ಅಂದರೆ ಎಣ್ಣೆಯ ಕಾಲುವೆಯ ತುದಿ ಮುಚ್ಚುವ ಬಿರಡೆ, ಮರಳಿ ಕೂರದೆ ಹೋಗುತ್ತದೆ. ಸಕ್ಷನ್ ಪೈಪಿನ ರಬ್ಬರ್ ರಿಂಗ್ ಜರುಗುತ್ತದೆ. ಅತಿಯಾಗಿ ಬಳಿದ ಸಿಲಿಕಾನ್ ಪೇಸ್ಟ್ ಮತ್ತು ಒರೆಸಿದ ಕಾಟನ್ ವೇಸ್ಟಿನ ಎಳೆಗಳು ಆ ಪೈಪಿನ ಜಾಲರಿಗೆ ಅಂಟುತ್ತವೆ. ಕ್ರ್ಯಾಂಕಿನ ಎಣ್ಣೆ ತೂತುಗಳಲ್ಲಿ ಉಳಿದ ಗ್ರೈಂಡಿಂಗ್ ಪುಡಿ ಇನ್ನೂ ಅಪಾಯಕಾರಿ, ಏಕೆಂದರೆ ಅದು ಹೊಸ ಬೇರಿಂಗನ್ನು ಬೇಗನೆ ಗೀರಿ ಹಾಕುತ್ತದೆ.

ಸಂದನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಪ್ಲಾಸ್ಟಿಗೇಜ್ ಎಂಬ ಮೇಣದಂಥ ಸಣ್ಣ ಎಳೆಯನ್ನು ಎಣ್ಣೆ ಒರೆಸಿದ ಕ್ರ್ಯಾಂಕಿನ ಮೇಲಿಟ್ಟು, ಬೇರಿಂಗ್ ಕ್ಯಾಪನ್ನು ಕಂಪನಿ ಹೇಳಿದ ಟಾರ್ಕಿಗೆ ಬಿಗಿದು, ಕ್ರ್ಯಾಂಕನ್ನು ತಿರುಗಿಸದೆ ಮತ್ತೆ ಬಿಚ್ಚಿದರೆ ಎಳೆ ಚಪ್ಪಟೆಯಾಗಿರುತ್ತದೆ. ಅದರ ಅಗಲವನ್ನು ಜೊತೆಗೆ ಬರುವ ಪಟ್ಟಿಗೆ ಹೋಲಿಸಿದರೆ ಸಂದಿನ ಅಳತೆ ಸಿಗುತ್ತದೆ. ಎಳೆ ಅಗಲವಾದಷ್ಟೂ ಸಂದು ಕಿರಿದು.

ಒಂದೇ ಇಂಜಿನ್ನಿನ ಹಗುರ ವಿಮಾನಗಳಲ್ಲಿ ಆಯಿಲ್ ಪ್ರೆಶರಿನ ಮೇಲೆ ಕಣ್ಣಿಡುವ ಶಿಸ್ತು ಕಡ್ಡಾಯವಾಗಿದೆ. ಪೈಲಟ್ ತರಬೇತಿಯಲ್ಲಿ ಹೆಚ್ಚಾಗಿ ಬಳಕೆಯಾಗುವ ಸೆಸ್ನಾ 172ರಲ್ಲಿ, ಸಾಧಾರಣ ಹವೆಯಲ್ಲಿ ಸ್ಟಾರ್ಟ್ ಆದ 30 ಸೆಕೆಂಡಿನೊಳಗೆ ಒತ್ತಡ ತೋರದಿದ್ದರೆ ಇಂಜಿನ್ ನಿಲ್ಲಿಸಬೇಕು. ಟ್ರ್ಯಾಕ್ಟರ್ ನೆಲದ ಮೇಲೆಯೇ ಇರುತ್ತದೆಂಬ ಧೈರ್ಯದಿಂದ ಆಯಿಲ್ ಪ್ರೆಶರಿನ ಎಚ್ಚರಿಕೆಯ ದೀಪ ಉರಿಯುತ್ತಿದ್ದರೂ ಹೊಲ ಮುಗಿಸುವವರು, ಕ್ರ್ಯಾಂಕ್ ಕಚ್ಚಿಕೊಂಡಾಗ ಬಿತ್ತನೆಯ ಹಂಗಾಮನ್ನೇ ಕಳೆದುಕೊಳ್ಳುತ್ತಾರೆ.

ದಪ್ಪ ಎಣ್ಣೆ ಸುರಿಯುವುದಾಗಲಿ, ರಿಲೀಫ್ ವಾಲ್ವಿನ ಸ್ಪ್ರಿಂಗಿಗೆ ವಾಷರ್ ಕೊಟ್ಟು ಬಿಗಿಗೊಳಿಸುವುದಾಗಲಿ ಮುಳ್ಳನ್ನು ಮೇಲೆತ್ತೀತೇ ಹೊರತು ಸೋರುವ ಸಂದನ್ನು ಮುಚ್ಚದು; ಇವು ರಿಪೇರಿಯಲ್ಲ. ಇಂಜಿನ್ ಕಟ್ಟಿಸುವ ರೈತರು ಗ್ರೈಂಡಿಂಗ್ ಸೈಜನ್ನೂ ಪ್ರತಿ ಬೇರಿಂಗಿನ ಸಂದನ್ನೂ ಕಾಗದದಲ್ಲಿ ಬರೆಸಿಕೊಳ್ಳಬೇಕು. ಮೊದಲ ಸ್ಟಾರ್ಟಿಗೆ ಮುನ್ನ ಸ್ಟಾಪ್ ನಾಬ್ ಎಳೆದೇ ಇಟ್ಟು, ದೀಪ ಆರುವವರೆಗೆ ಸೆಲ್ಫನ್ನು ತಡೆತಡೆದು ತಿರುಗಿಸುವಂತೆ ಮೇಸ್ತ್ರಿಗೆ ಹೇಳಬೇಕು.