ಹಸ್ತಪ್ರತಿ ಸಂಶೋಧನೆ ಮತ್ತು ಶಿಷ್ಯವೇತನ

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು ಕಾಶಿಯ ಭಾರತೀಯ ಜ್ಞಾನಪೀಠವು ೧೯೪೮ರಲ್ಲಿ ಪ್ರಕಟಿಸಿತು. ಮೂಡುಬಿದಿರೆ, ಕಾರ್ಕಳಗಳ ಭಂಡಾರಗಳಲ್ಲಿರುವ ಓಲೆಗರಿಗಳ ಪರಿಚಯ ಅದರಿಂದ ವಿದ್ವಲ್ಲೋಕಕ್ಕೆ ದೊರೆಯಿತು. ಆದರೆ ಸೂಚಿಯಲ್ಲಿ ಹೆಸರು ದಾಖಲಾದ ಮಾತ್ರಕ್ಕೆ ಗ್ರಂಥವು ಬೆಳಕಿಗೆ ಬಂದಂತಾಗದು. ಪಾಠಾಂತರಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸಲು ನಾಲ್ಕೈದು ವರ್ಷಗಳ ನಿಶ್ಚಿಂತೆಯ ದುಡಿಮೆ ಬೇಕು. ಅಷ್ಟು ಕಾಲದ ಜೀವನೋಪಾಯವೆಂತು ಎಂಬುದೇ ತರುಣ ಸಂಶೋಧಕನ ಮೊದಲ ಪ್ರಶ್ನೆ.

ಇದಕ್ಕೆ ಇಂದು ಇರುವ ಮುಖ್ಯ ಆಧಾರವೆಂದರೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಿರಿಯ ಸಂಶೋಧನ ಶಿಷ್ಯವೇತನ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ಇದಕ್ಕೆ ಆಯ್ಕೆ ನಡೆಯುತ್ತದೆ. ಪರೀಕ್ಷಾ ವಿಷಯಗಳಲ್ಲಿ ಕನ್ನಡ, ಪ್ರಾಕೃತ, ಸಂಸ್ಕೃತದ ಪಾರಂಪರಿಕ ವಿಷಯಗಳು, ಬೌದ್ಧ-ಜೈನ-ಗಾಂಧಿ ಹಾಗೂ ಶಾಂತಿ ಅಧ್ಯಯನ ಇವೆಲ್ಲ ಸೇರಿವೆ. ೨೦೨೩ರ ಜನವರಿ ೧ರಿಂದ ನಿಗದಿಯಾದಂತೆ ಮೊದಲ ಎರಡು ವರ್ಷ ಮಾಸಿಕ ೩೭,೦೦೦ ರೂಪಾಯಿ. ಪ್ರಗತಿಯು ತೃಪ್ತಿಕರವೆಂದು ಕಂಡುಬಂದರೆ ಅನಂತರ ೪೨,೦೦೦ ರೂಪಾಯಿ. ಒಟ್ಟು ಅವಧಿ ಹೆಚ್ಚೆಂದರೆ ಐದು ವರ್ಷ. ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯವಾಗಿ ಶೇಕಡಾ ೫೫ ಅಂಕಗಳಿರಬೇಕು. ಪರೀಕ್ಷೆಯ ತಿಂಗಳ ಮೊದಲ ದಿನಕ್ಕೆ ವಯಸ್ಸು ೩೦ನ್ನು ಮೀರಿರಬಾರದು. ಮಹಿಳೆಯರು, ಪರಿಶಿಷ್ಟರು ಮೊದಲಾದವರಿಗೆ ಐದು ವರ್ಷಗಳ ವಿನಾಯಿತಿಯುಂಟು.

ಶಿಷ್ಯವೇತನ ದೊರೆತೊಡನೆ ಪಿಎಚ್.ಡಿ. ಸ್ಥಾನವೂ ದೊರೆಯಿತೆಂದು ಭಾವಿಸುವುದು ತಪ್ಪು. ಸ್ಥಾನವು ಮಾರ್ಗದರ್ಶಕರನ್ನು ಅವಲಂಬಿಸಿದೆ. ೨೦೨೨ರ ನಿಯಮಾವಳಿಯಂತೆ ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧಕರಿಗೆ ಮಾತ್ರ ಮಾರ್ಗದರ್ಶನ ನೀಡಬಹುದು. ನಿವೃತ್ತಿಗೆ ಮೂರು ವರ್ಷಗಳಿಗಿಂತ ಕಡಮೆ ಅವಧಿ ಉಳಿದವರು ಹೊಸಬರನ್ನು ಸ್ವೀಕರಿಸುವಂತಿಲ್ಲ. ಹಳೆಯ ಲಿಪಿಯನ್ನೂ ಪ್ರಾಕೃತವನ್ನೂ ಬಲ್ಲ ಅಧ್ಯಾಪಕರು ವಿರಳ. ಅವರಲ್ಲಿ ಅನೇಕರು ಹಿರಿಯರು. ಆದುದರಿಂದ ಯಾರ ಬಳಿ ಸ್ಥಾನ ತೆರವಿದೆ, ಅವರ ಸೇವಾವಧಿ ಎಷ್ಟು ಉಳಿದಿದೆ ಎಂಬುದನ್ನು ಪರೀಕ್ಷೆಗೆ ಮುನ್ನವೇ ವಿಚಾರಿಸಿಕೊಳ್ಳುವುದು ಕ್ಷೇಮ.

ಮಾರ್ಗದರ್ಶಕರನ್ನು ಕಾಣಹೋಗುವಾಗ ‘ಜೈನ ಸಾಹಿತ್ಯ’ವೆಂಬ ವಿಶಾಲವಾದ ಹೆಸರು ಸಾಲದು. ಇಂತಹ ಗ್ರಂಥ, ಇಂತಹ ಭಂಡಾರದ ಪ್ರತಿ, ಇಷ್ಟು ಗರಿಗಳು, ಪ್ರತಿಯ ಸ್ಥಿತಿ ಹೀಗಿದೆ ಎಂದು ನಿರ್ದಿಷ್ಟವಾಗಿ ಹೇಳಬೇಕು. ಭಂಡಾರದವರ ಅನುಮತಿಪತ್ರವೂ ಸ್ವತಃ ಮಾಡಿದ ಕೆಲವು ಗರಿಗಳ ಲಿಪ್ಯಂತರವೂ ಕೈಯಲ್ಲಿದ್ದರೆ ಸಂದರ್ಶನದಲ್ಲಿ ಅವೇ ಅಭ್ಯರ್ಥಿಯ ಯೋಗ್ಯತೆಗೆ ಸಾಕ್ಷಿಯಾಗುತ್ತವೆ.

ಇಲ್ಲಿ ಪಂಡಿತವರ್ಗದ ಹೊಣೆಯೂ ಇದೆ. ಲಿಪಿಜ್ಞಾನವುಳ್ಳ ವಿದ್ಯಾರ್ಥಿಗಳು ಪಾಠಶಾಲೆಗಳಲ್ಲಿದ್ದಾರೆ, ಪದವಿಯುಳ್ಳವರು ವಿಶ್ವವಿದ್ಯಾನಿಲಯಗಳಲ್ಲಿದ್ದಾರೆ. ಇವೆರಡೂ ಒಬ್ಬನಲ್ಲಿ ಕೂಡುವುದು ಅಪೂರ್ವ. ಪಾಠಶಾಲೆಯ ಪದವಿಗೆ ಸ್ನಾತಕೋತ್ತರ ಪದವಿಯ ಸಮಾನ ಮಾನ್ಯತೆ ಉಂಟೇ ಎಂಬುದನ್ನು ಗುರುಗಳೇ ಮೊದಲು ತಿಳಿದು, ಇಲ್ಲವಾದಲ್ಲಿ ಶಿಷ್ಯನನ್ನು ಸಕಾಲದಲ್ಲಿ ಎಂ.ಎ. ತರಗತಿಗೆ ಕಳುಹಿಸಬೇಕು. ಲಿಪಿ ಬಲ್ಲ ಶಿಷ್ಯನಿಗೆ ಮೂವತ್ತು ದಾಟಿದ ಮೇಲೆ ಈ ಮಾತನ್ನು ತಿಳಿಸಿದರೆ, ಅವನೂ ಆ ಗರಿಗಳೂ ಒಟ್ಟಿಗೆ ಅವಕಾಶವನ್ನು ಕಳೆದುಕೊಂಡಂತೆ.