ಹಿಂತಿರುಗುವ ದಾರಿ

ತಂದೆಯವರು ಬಿಟ್ಟುಹೋದ ಹಳೆಯ ಕಾರಿಗೆ ದೆವ್ವ ಹೊಕ್ಕಿದೆಯೆಂದೇ ನಮ್ಮ ಮನೆಯವರ ನಂಬಿಕೆಯಾಗಿತ್ತು. ಬ್ರೇಕನ್ನು ಒತ್ತಿದರೆ ಹಿಂದಿನ ಕೆಂಪುದೀಪಗಳು ಬೆಳಗುವ ಬದಲು ಮಂಕಾಗುವುವು. ಬಲಕ್ಕೆ ತಿರುಗುವೆವೆಂದು ಸೂಚನೆಯ ದೀಪ ಹಾಕಿದರೆ ಪಕ್ಕದ ಕೆಂಪುದೀಪವೂ ಅದರೊಡನೆ ತಾಳ ಹಾಕುವುದು. ಒಂದು ರಾತ್ರಿ ನಾವು ನಿಲ್ಲಿಸಿದ್ದು ಹಿಂದಿನ ಲಾರಿಯವನಿಗೆ ತಿಳಿಯಲೇ ಇಲ್ಲ. ಗೇಣುದ್ದದಲ್ಲಿ ಜೀವ ಉಳಿಯಿತು. ಬಲ್ಬು, ಸ್ವಿಚ್ಚು, ಬ್ಯಾಟರಿ ಎಲ್ಲವೂ ಹೊಸದಾದುವು. ಚೇಷ್ಟೆ ಮಾತ್ರ ಹಳೆಯದೇ. ಕಾರನ್ನು ಮಾರಿಬಿಡುವುದೆಂದು ನಿಶ್ಚಯಿಸಿದೆ.

ಅಷ್ಟರಲ್ಲಿ ವೃದ್ಧ ಮಿಸ್ತ್ರಿಯೊಬ್ಬರು ಬಂದರು. ದೀಪಗಳನ್ನು ಹೊತ್ತಿಸಿ, ವೋಲ್ಟ್‌ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಹಿಂದಿನ ದೀಪದ ಲೋಹದ ಬುಡಕ್ಕೂ ಮುಟ್ಟಿಸಿದರು. ಅರ್ಧ ವೋಲ್ಟನ್ನೂ ದಾಟಬಾರದ ಮುಳ್ಳು 4ಕ್ಕೆ ಏರಿತು.

“ಮೇಷ್ಟ್ರೇ, ಕರೆಂಟು ಬರುವ ತಂತಿಯನ್ನು ಎಲ್ಲರೂ ನೋಡುತ್ತಾರೆ. ಅದು ಹಿಂತಿರುಗುವ ದಾರಿಯನ್ನು ಯಾರು ನೋಡುತ್ತಾರೆ?” ಎಂದರು.

ಇಂತಹ ಕಾರುಗಳಲ್ಲಿ 12 ವೋಲ್ಟಿನ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಮರಳುವುದು ಕಾರಿನ ಉಕ್ಕಿನ ಮೈಯ ಮೂಲಕವೇ. ದೀಪದ ಬುಡವು ಆ ಮೈಗೆ ತಾಗುವ ಕಡೆ ತುಕ್ಕು ಹಿಡಿದರೆ ದಾರಿ ಕಟ್ಟುತ್ತದೆ. ಆಗ ವಿದ್ಯುತ್ತು ಬೇರೊಂದು ದೀಪದ ತಂತುವನ್ನು ಹೊಕ್ಕು ಹೊರಬೀಳಲು ಯತ್ನಿಸುತ್ತದೆ. ನಮ್ಮ ದೆವ್ವವೆಂದರೆ ಇದೇ!

ಮಿಸ್ತ್ರಿಗಳು ಎರಡು ದೀಪಗಳ ಬುಡವನ್ನೂ ಉಪ್ಪುಕಾಗದದಿಂದ ಉಜ್ಜಿ, ಸ್ಕ್ರೂ ಬಿಗಿದರು. ಬ್ರೇಕು ಒತ್ತಿದೆ; ಹಿಂದಿನ ಗೋಡೆಯೆಲ್ಲ ಕೆಂಪಾಯಿತು. ಕಾರನ್ನು ಮಾರಲಿಲ್ಲ. ನಿರಪರಾಧಿಯಾದ ಹಳೆಯ ಬ್ಯಾಟರಿಯ ಮೇಲೆ ಹೊರಿಸಿದ್ದ ಅಪವಾದವನ್ನು ಮಾತ್ರ ಹಿಂತೆಗೆದುಕೊಂಡೆ.