ಸರಪಳಿ ಗರಗಸದ ನಿತ್ಯಪಾಲನೆ

ಉಪಕರಣಗಳ ಚರಿತ್ರೆಯನ್ನು ಬರೆಯುವಾಗ ಅವುಗಳ ನಿರ್ಮಾತೃಗಳನ್ನು ನೆನೆಯುವುದುಂಟು. ಅವುಗಳನ್ನು ಕಾಪಾಡಿಕೊಳ್ಳುವ ಕ್ರಮವನ್ನು ಗಮನಿಸುವುದು ವಿರಳ. ಆ ಕ್ರಮವೂ ಚರಿತ್ರೆಗೆ ಆಧಾರವೆಂಬುದನ್ನು ಸರಪಳಿ ಗರಗಸದ ನಿದರ್ಶನದಿಂದ ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1929ರಲ್ಲಿ ಪೆಟ್ರೋಲ್ ಎಂಜಿನ್ನಿನ ಗರಗಸವನ್ನು ನಿರ್ಮಿಸಿದನು. ಆ ಕಾಲದ ಸರಪಳಿಯ ಹಲ್ಲುಗಳು ಮರವನ್ನು ಕೆರೆದು ಕೊಯ್ಯುತ್ತಿದ್ದುವು. ಅವು ಬೇಗ ಮೊಂಡಾಗುತ್ತಿದ್ದುದರಿಂದ ಮಸೆಯುವುದರಲ್ಲಿಯೇ ಬಹಳ ಹೊತ್ತು ಕಳೆಯುತ್ತಿತ್ತು. 1946ರಲ್ಲಿ ಅಮೆರಿಕದ ಆರೆಗನ್ ಸಂಸ್ಥಾನದ ಮರಕಡಿಯುವವನಾದ ಜೋಸೆಫ್ ಕಾಕ್ಸ್, ದುಂಬಿಯ ಮರಿಹುಳುವೊಂದು ಬಾಗಿದ ದವಡೆಗಳಿಂದ ಎಡಕ್ಕೂ ಬಲಕ್ಕೂ ಬೊಡ್ಡೆಯನ್ನು ಕೊರೆಯುತ್ತಿದ್ದುದನ್ನು ಕಂಡನು. ಮರುವರ್ಷ ಅದೇ ಮಾದರಿಯ ಬಾಗುಹಲ್ಲಿನ ಸರಪಳಿಯನ್ನು ಮಾರಾಟಕ್ಕೆ ತಂದನು.

ಇಂದಿನ ಪಾಲನಾಕ್ರಮಕ್ಕೆ ಈ ಬಾಗುಹಲ್ಲೇ ಮೂಲ. ಅದರ ಒಳಮೈಗೆ ಹೊಂದುವುದು ದುಂಡು ಅರ. ಎಂಜಿನ್ನನ್ನು ನಿಲ್ಲಿಸಿ, ಕೈಗವಸು ತೊಟ್ಟು, ಒಳಗಿನಿಂದ ಹೊರಕ್ಕೆ, ಎಲ್ಲ ಹಲ್ಲುಗಳನ್ನೂ ಒಂದೇ ಕೋನದಲ್ಲಿ, ಸಮನಾಗಿ ಉಜ್ಜಬೇಕು. ಹಲ್ಲಿನ ಮುಂದಿರುವ ಉಬ್ಬು, ಕಡಿತದ ಆಳವನ್ನು ನಿಯಮಿಸುತ್ತದೆ. ಅದನ್ನು ಮಿತಿಮೀರಿ ತಗ್ಗಿಸಿದರೆ ಗರಗಸವು ಕೆಲಸಗಾರನತ್ತ ಒದೆಯುವ ಅಪಾಯ ಹೆಚ್ಚುತ್ತದೆ. ಸರಪಳಿ ತಣ್ಣಗಿರುವಾಗ ಬಿಗಿತವನ್ನು ಪರೀಕ್ಷಿಸಬೇಕು: ಅದು ಪಟ್ಟಿಯ ಕೆಳಗೆ ಜೋಲದೆ, ಕೈಯಿಂದ ಎಳೆದರೆ ಸರಾಗವಾಗಿ ಸರಿಯಬೇಕು. ಪೆಟ್ರೋಲ್ ತುಂಬುವಾಗಲೆಲ್ಲ ಸರಪಳಿಯ ಎಣ್ಣೆಯನ್ನೂ ತುಂಬಬೇಕು. ದಿನದ ಕೆಲಸ ಮುಗಿದ ಮೇಲೆ ಗಾಳಿ ಶೋಧಕವನ್ನೂ ಪಟ್ಟಿಯ ಕಾಲುವೆಯನ್ನೂ ಶುಚಿಗೊಳಿಸಬೇಕು.

ಹರಿತವಾದ ಹಲ್ಲು ಚಕ್ಕೆಯನ್ನು ಉದುರಿಸುತ್ತದೆ, ಮೊಂಡಾದುದು ಹುಡಿಯನ್ನು. ಹುಡಿ ಕಂಡೊಡನೆ ಕೆಲಸವನ್ನು ನಿಲ್ಲಿಸತಕ್ಕದ್ದು. ಮೊಂಡು ಗರಗಸವನ್ನು ಒತ್ತಿ ಒತ್ತಿ ತೋಳು ಸೋಲುತ್ತದೆ. ಸೋತ ತೋಳು ತಪ್ಪುತ್ತದೆ. ಆದುದರಿಂದ ಮಸೆಯಲು ಕಳೆದ ಹೊತ್ತನ್ನು ವ್ಯರ್ಥವೆಂದು ನಾವು ಎಣಿಸಲಾಗದು.